ಎರಡು ದರದ ದೇಶದಲ್ಲಿ ನಮ್ಮ ಕಾರ್ಡು: ವಿದೇಶ ಪ್ರಯಾಣ, ಹಣದ ವಿನಿಮಯ ಮತ್ತು ಸಾಲದ ಹೊಣೆ

(ಜುಮುಅ ಖುತ್ಬಾದ ಸಾರ, ವಿವರಣೆಯೊಂದಿಗೆ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಹಾಬಿಗಳ ಮೇಲೂ ಅಲ್ಲಾಹನ ಕರುಣೆ, ಶಾಂತಿ ಇರಲಿ.



ಅಮದಳ್ಳಿಯಿಂದ ಅತ್ತ ಕಾರವಾರ, ಇತ್ತ ಅಂಕೋಲಾದವರೆಗೆ ನಮ್ಮ ಜಮಾಅತ್‌ಗಳಲ್ಲಿ ಹೊರದೇಶದ ನಂಟು ಇಲ್ಲದ ಮನೆಗಳು ಕಡಿಮೆ. ಒಬ್ಬರ ಮಗ ದುಬೈಯಲ್ಲಿ, ಇನ್ನೊಬ್ಬರ ಅಳಿಯ ದಮ್ಮಾಮಿನಲ್ಲಿ, ಮತ್ತೊಬ್ಬರ ತಮ್ಮ ಸರಕು ಹಡಗಿನಲ್ಲಿ. ಉಮ್ರಾಕ್ಕೆ ಹೋಗುವವರ ಸಂಖ್ಯೆಯೂ ಹೆಚ್ಚಿದೆ. ಹಿಂದೆ ಇವರೆಲ್ಲ ಸೊಂಟದ ಚೀಲದಲ್ಲಿ ನೋಟು ಕಟ್ಟಿಕೊಂಡು ಹೋಗುತ್ತಿದ್ದರು. ಈಗ ಕಿಸೆಯಲ್ಲಿ ಕಾರ್ಡು ಇದೆ. ಕಾರ್ಡಿನ ಜೊತೆಗೆ ಹೊಸ ಪ್ರಶ್ನೆಗಳೂ ಬಂದಿವೆ.

ಅಂಥ ಒಂದು ಪ್ರಶ್ನೆ ಇದು: "ಕೆಲವು ದೇಶಗಳಲ್ಲಿ ಹೊರಗಿನವರು ತಮ್ಮ ದೇಶದ ಕಾರ್ಡ್ ಉಜ್ಜಿದರೆ ಸರ್ಕಾರಿ ದರಕ್ಕಿಂತ ಬಹಳ ಒಳ್ಳೆಯ ದರ ಸಿಗುತ್ತದಂತೆ. ಅದರಿಂದ ಉಳಿದ ಹಣ ಹಲಾಲೋ, ಬಡ್ಡಿಯ ಸಂಶಯ ಇದೆಯೋ?" ಕೇಳಲು ಒಂದೇ ಪ್ರಶ್ನೆ. ಒಳಗೆ ಮೂರು ಇವೆ. ದರದ ಪ್ರಶ್ನೆ ಬೇರೆ, ಕಾರ್ಡಿನ ಪ್ರಶ್ನೆ ಬೇರೆ, ಕಾರ್ಡಿನಿಂದ ಹುಟ್ಟುವ ಸಾಲದ ಪ್ರಶ್ನೆ ಬೇರೆ. ಇವನ್ನು ಬೆರೆಸಿದರೆ ಹಲಾಲನ್ನು ಹರಾಂ ಎನ್ನುವ ಅಥವಾ ಹರಾಮನ್ನು ಹಲಾಲ್ ಎನ್ನುವ ಅಪಾಯವಿದೆ. ಆದ್ದರಿಂದ ನಾವು ಒಂದೊಂದಾಗಿ ನೋಡೋಣ.

ಒಂದೇ ಹಣಕ್ಕೆ ಎರಡು ದರ ಏಕೆ?

ಇದಕ್ಕೆ ಇತ್ತೀಚಿನ ಸ್ಪಷ್ಟ ಉದಾಹರಣೆ ದಕ್ಷಿಣ ಅಮೆರಿಕದ ಅರ್ಜೆಂಟೀನಾ. ಅಲ್ಲಿನ ಹಣ ಪೆಸೊ. ಡಾಲರಿಗೆ ಇಷ್ಟೇ ಪೆಸೊ ಎಂದು ಸರ್ಕಾರ ದರ ನಿಗದಿ ಮಾಡಿತ್ತು. ಆದರೆ ದೇಶದಲ್ಲಿ ಡಾಲರಿನ ಕೊರತೆ ಇತ್ತು. ಬೆಲೆಗಳು ಏರುತ್ತಲೇ ಇದ್ದುದರಿಂದ ಪೆಸೊ ಇಟ್ಟುಕೊಳ್ಳಲು ಜನರಿಗೆ ಧೈರ್ಯವಿರಲಿಲ್ಲ. ಬ್ಯಾಂಕಿನಲ್ಲಿ ಡಾಲರ್ ಕೊಳ್ಳಲು ಮಿತಿ ಹಾಕಿದಾಗ ಜನ ಬೀದಿಗೆ ಹೋದರು. ಬೀದಿಯಲ್ಲಿ ಡಾಲರಿನ ಬೆಲೆ ಸರ್ಕಾರಿ ದರದ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಪ್ರವಾಸಿಗರೂ ಕಾರ್ಡನ್ನು ಒಳಗಿಟ್ಟು, ನೋಟಿನ ಕಟ್ಟು ತಂದು, ಬೀದಿಯ ದಲ್ಲಾಳಿಗಳ ಬಳಿ ಬದಲಾಯಿಸತೊಡಗಿದರು. ಅದು ಕಾನೂನಿಗೆ ವಿರುದ್ಧವಾಗಿತ್ತು. ಖೋಟಾ ನೋಟು, ಕಳ್ಳತನದ ಭಯವೂ ಇತ್ತು. ಡಾಲರ್ ಬ್ಯಾಂಕಿಗೆ ಬರದೆ ಸರ್ಕಾರಕ್ಕೂ ನಷ್ಟವಾಗುತ್ತಿತ್ತು.

2022ರ ಕೊನೆಯಲ್ಲಿ ಅಲ್ಲಿನ ಸರ್ಕಾರ ಒಂದು ದಾರಿ ಮಾಡಿತು. ಹೊರದೇಶದ ಪ್ರವಾಸಿಗರು ತಮ್ಮ ದೇಶದ ಕಾರ್ಡಿನಲ್ಲಿ ಹಣ ಕೊಟ್ಟರೆ, ಲೆಕ್ಕವನ್ನು ನಿಗದಿತ ದರದ ಬದಲು ಅಲ್ಲಿನ ಷೇರು, ಬಾಂಡು ಮಾರುಕಟ್ಟೆಯ ಡಾಲರ್ ದರದಲ್ಲಿ ಹಾಕಲು ಒಪ್ಪಿತು. ಆಗ ಸರ್ಕಾರಿ ದರ ಡಾಲರಿಗೆ ಸುಮಾರು 175 ಪೆಸೊ, ಮಾರುಕಟ್ಟೆ ದರ ಸುಮಾರು 325 ಪೆಸೊ. 35,000 ಪೆಸೊ ಹೋಟೆಲ್ ಬಿಲ್ಲು ಎಂದುಕೊಳ್ಳಿ. ಹಳೆಯ ದರದಲ್ಲಿ ಅದು 200 ಡಾಲರ್, ಹೊಸ ದರದಲ್ಲಿ 108 ಡಾಲರಿನಷ್ಟು. ಕೆಲವು ಕಾರ್ಡುಗಳಲ್ಲಿ ಮೊದಲು ಸರ್ಕಾರಿ ದರದಲ್ಲೇ ಹಣ ಕಡಿತವಾಗಿ, ಕೆಲವು ದಿನಗಳ ನಂತರ ವ್ಯತ್ಯಾಸ ಖಾತೆಗೆ ಮರಳುತ್ತಿತ್ತು.

ಇದೇ ಸಮಯದಲ್ಲಿ ಅಲ್ಲಿನ ಸ್ವಂತ ನಾಗರಿಕರ ಸ್ಥಿತಿ ತದ್ವಿರುದ್ಧ. ಅವರು ತಮ್ಮ ಕಾರ್ಡನ್ನು ಹೊರದೇಶದಲ್ಲಿ ಬಳಸಿದರೆ ತೆರಿಗೆಯ ಮೇಲೆ ತೆರಿಗೆ. 2022ರ ಅಕ್ಟೋಬರಿನಿಂದ, ತಿಂಗಳಿಗೆ 300 ಡಾಲರಿಗಿಂತ ಹೆಚ್ಚು ಖರ್ಚು ಮಾಡಿದವರಿಗೆ ಡಾಲರ್ ಸರ್ಕಾರಿ ದರದ ಎರಡು ಪಟ್ಟು ಬೀಳುತ್ತಿತ್ತು. ಆ ವರ್ಷ ಕತಾರಿನಲ್ಲಿ ಫುಟ್ಬಾಲ್ ವಿಶ್ವಕಪ್ ಇದ್ದುದರಿಂದ ಜನ ಅದಕ್ಕೆ "ಕತಾರ್ ಡಾಲರ್" ಎಂದೇ ಹೆಸರಿಟ್ಟರು. ಅಂದರೆ ಪ್ರವಾಸಿಗೆ ಸಿಕ್ಕ ರಿಯಾಯಿತಿಯ ಇನ್ನೊಂದು ಬದಿಯಲ್ಲಿ ಸ್ಥಳೀಯ ಬಡವನ ಕಷ್ಟವಿತ್ತು. ಇದನ್ನು ನಾವು ಮರೆಯಬಾರದು.

ಇಂಥ ದರ ಶಾಶ್ವತವಲ್ಲ. 2023ರ ಡಿಸೆಂಬರಿನಲ್ಲಿ ಹೊಸ ಸರ್ಕಾರ ಸರ್ಕಾರಿ ದರವನ್ನೇ ಸುಮಾರು 366ರಿಂದ 800 ಪೆಸೊಗೆ ಏರಿಸಿತು. 2025ರ ಏಪ್ರಿಲಿನಲ್ಲಿ ಸಾಮಾನ್ಯ ಜನರು ಡಾಲರ್ ಕೊಳ್ಳುವ ಮೇಲಿನ ನಿರ್ಬಂಧ ಬಹುಮಟ್ಟಿಗೆ ತೆಗೆಯಲಾಯಿತು. ಎರಡು ದರಗಳ ನಡುವಿನ ಅಂತರ ಕುಗ್ಗಿತು. ಈಜಿಪ್ಟಿನಲ್ಲೂ ಹೀಗೇ ಆಯಿತು. ಬೀದಿ ದರ ಬ್ಯಾಂಕ್ ದರಕ್ಕಿಂತ ಬಹಳ ಮೇಲೆ ಹೋಗಿತ್ತು. 2024ರ ಮಾರ್ಚ್ 6ರಂದು ಸರ್ಕಾರ ಪೌಂಡಿನ ದರವನ್ನು ಮಾರುಕಟ್ಟೆಗೆ ಬಿಟ್ಟಾಗ ಡಾಲರಿಗೆ 31ರ ಆಸುಪಾಸಿನಲ್ಲಿದ್ದದ್ದು 50ರ ಹತ್ತಿರ ಬಂತು. ನಿನ್ನೆ ಕೇಳಿದ ಮಾತನ್ನು ನಂಬಿ ಇಂದು ಹೊರಟವನು ಮೋಸ ಹೋಗುವುದು ಇಲ್ಲಿಯೇ.

ಸೌದಿ, ಎಮಿರೇಟ್ಸ್‌ಗಳಲ್ಲಿ ಈ ಮಾತಿಲ್ಲ. ಸೌದಿ ರಿಯಾಲ್ 1986ರಿಂದ ಡಾಲರಿಗೆ 3.75ರಂತೆ, ದಿರ್ಹಂ 1997ರಿಂದ 3.6725ರಂತೆ ನಿಂತಿದೆ. ಅಲ್ಲಿ ಪ್ರವಾಸಿಗೆಂದು ಬೇರೆ ದರವಿಲ್ಲ. "ಮಕ್ಕಾದಲ್ಲಿ ನಿಮಗೆ ವಿಶೇಷ ದರ ಕೊಡಿಸುತ್ತೇನೆ" ಎಂದು ಯಾರಾದರೂ ಹೇಳಿದರೆ ಎಚ್ಚರದಿಂದಿರಿ.

ನಮ್ಮ ಹಿರಿಯರ ಕಾಲದ ಹಜ್ಜ್ ನೋಟು

ಪ್ರಯಾಣಿಕನಿಗೆ ಬೇರೆ ಹಣ ಎಂಬುದು ನಮಗೂ ಹೊಸದಲ್ಲ. ಹಿಂದೆ ಕುವೈತ್, ಬಹ್ರೈನ್, ಕತಾರ್, ದುಬೈ, ಒಮಾನಿನ ಪೇಟೆಗಳಲ್ಲಿ ನಮ್ಮ ಭಾರತದ ರೂಪಾಯಿಯೇ ಓಡಾಡುತ್ತಿತ್ತು. ಅಲ್ಲಿ ರೂಪಾಯಿ ಕೊಟ್ಟು ಚಿನ್ನ ಕೊಂಡು ಕಳ್ಳಸಾಗಣೆಯಿಂದ ಇಲ್ಲಿಗೆ ತರುವುದು ಹೆಚ್ಚಿ, ದೇಶದ ವಿದೇಶಿ ವಿನಿಮಯ ಸೋರತೊಡಗಿತು. ಅದನ್ನು ತಡೆಯಲು 1959ರಲ್ಲಿ ರಿಸರ್ವ್ ಬ್ಯಾಂಕು ಗಲ್ಫಿಗಾಗಿಯೇ ಬೇರೆ ನೋಟು ಮುದ್ರಿಸಿತು. ಹಜ್ಜ್ ಯಾತ್ರಿಕರಿಗೆಂದು 10 ಮತ್ತು 100 ರೂಪಾಯಿಯ ಪ್ರತ್ಯೇಕ ನೋಟುಗಳೂ ಬಂದವು. ಅವುಗಳ ಮೇಲೆ "ಹಜ್" ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅವು ಭಾರತದ ಒಳಗೆ ಚಲಾವಣೆಗೆ ಇರಲಿಲ್ಲ. ಯಾತ್ರಿಕನು ಮುಂಬಯಿಯಿಂದ ಹಡಗು ಹತ್ತಿ, ಜಿದ್ದಾದಲ್ಲಿ ಅದನ್ನು ಕೊಟ್ಟು ರಿಯಾಲ್ ಪಡೆಯಬೇಕಿತ್ತು.

1961ರಲ್ಲಿ ಕುವೈತ್, 1965ರಲ್ಲಿ ಬಹ್ರೈನ್ ತಮ್ಮ ದಿನಾರ್ ತಂದವು. 1966ರ ಜೂನ್ 6ರಂದು ಭಾರತ ಸರ್ಕಾರ ರೂಪಾಯಿಯ ಬೆಲೆ ಇಳಿಸಿತು. ಡಾಲರಿಗೆ 4.76 ರೂಪಾಯಿ ಇದ್ದದ್ದು ಒಂದೇ ದಿನದಲ್ಲಿ 7.50 ಆಯಿತು. ಆ ಬಳಿಕ ಕತಾರ್, ದುಬೈಗಳೂ ರೂಪಾಯಿಯನ್ನು ಬಿಟ್ಟವು. ಒಮಾನ್ 1970ರಲ್ಲಿ ಬಿಟ್ಟಿತು. ದರದಲ್ಲಿ ಲಾಭವೂ ನಷ್ಟವೂ ಸರ್ಕಾರದ ಒಂದು ಆದೇಶದಿಂದ ಬರುತ್ತದೆ, ಅದು ವ್ಯಾಪಾರಿಯ ಜಾಣತನವಲ್ಲ ಎಂಬುದನ್ನು ಈ ಚರಿತ್ರೆ ಹೇಳುತ್ತದೆ.

ದರದ ಲಾಭ ಹಲಾಲೇ?

ಈಗ ಮೊದಲ ಪ್ರಶ್ನೆ. ಹಣಕ್ಕೆ ಹಣವನ್ನು ಮಾರುವುದಕ್ಕೆ ಫಿಕ್ಹಿನಲ್ಲಿ ಸರ್ಫ್ ಎನ್ನುತ್ತಾರೆ. ಇದರ ಮೂಲ ಉಬಾದಾ ಬಿನ್ ಸಾಮಿತ್(ರ)ರು ವರದಿ ಮಾಡಿದ, ಸಹೀಹ್ ಮುಸ್ಲಿಮಿನಲ್ಲಿರುವ ಪ್ರಸಿದ್ಧ ಹದೀಸ್. ಅದರ ತಾತ್ಪರ್ಯ ಹೀಗಿದೆ: ಚಿನ್ನಕ್ಕೆ ಚಿನ್ನ, ಬೆಳ್ಳಿಗೆ ಬೆಳ್ಳಿ ಬದಲಾಯಿಸುವಾಗ ತೂಕ ಸಮನಾಗಿರಬೇಕು, ಕೈಯಿಂದ ಕೈಗೆ ಆಗಬೇಕು. ಜಾತಿ ಬೇರೆಯಾದರೆ ಬೆಲೆಯನ್ನು ನಿಮಗೆ ಒಪ್ಪಿಗೆಯಾದಂತೆ ಇಟ್ಟುಕೊಳ್ಳಬಹುದು. ಆದರೆ ಆಗಲೂ ಕೈಯಿಂದ ಕೈಗೆ ಆಗಬೇಕು.

ಇಂದಿನ ವಿದ್ವಾಂಸರು ಪ್ರತಿ ದೇಶದ ಹಣವನ್ನೂ ಬೇರೆ ಬೇರೆ ಜಾತಿ ಎಂದು ಎಣಿಸಿದ್ದಾರೆ. ರೂಪಾಯಿ ಒಂದು ಜಾತಿ, ರಿಯಾಲ್ ಒಂದು ಜಾತಿ, ಪೆಸೊ ಒಂದು ಜಾತಿ. ಆದ್ದರಿಂದ ಡಾಲರಿಗೆ 175 ಬದಲು 325 ಪೆಸೊ ಸಿಕ್ಕಿದರೆ ಅದು ಬಡ್ಡಿಯಲ್ಲ. ಅದು ಬೆಲೆ. ತಡವಾಗಿ ಖಾತೆಗೆ ಮರಳಿದ ವ್ಯತ್ಯಾಸವೂ ಬಡ್ಡಿಯಲ್ಲ. ಹೆಚ್ಚಾಗಿ ಕಡಿತವಾದದ್ದು ವಾಪಸಾದದ್ದು ಮಾತ್ರ.

"ಕೈಯಿಂದ ಕೈಗೆ" ಎಂಬ ಷರತ್ತು ಕಾರ್ಡಿನಲ್ಲಿ ಹೇಗೆ ಪೂರೈಸುತ್ತದೆ? ಒಐಸಿಯ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1990ರಲ್ಲಿ ಜಿದ್ದಾದಲ್ಲಿ ಇದನ್ನು ಚರ್ಚಿಸಿತು. ಖಾತೆಗೆ ಜಮಾ ಆಗುವುದು, ಖಾತೆಯಿಂದ ಕಡಿತವಾಗುವುದು ಕೈಗೆ ಬಂದಂತೆಯೇ ಎಂದು ತೀರ್ಮಾನಿಸಿತು. ಬ್ಯಾಂಕಿನ ವ್ಯವಸ್ಥೆಯಲ್ಲಿ ಸಹಜವಾಗಿ ಹಿಡಿಯುವ ಒಂದೆರಡು ದಿನಗಳ ತಡವನ್ನು ಅದು ಮನ್ನಿಸಿತು. ಆದ್ದರಿಂದ ಖಾತೆಯಲ್ಲಿರುವ ಹಣವನ್ನು ಕಾರ್ಡಿನಿಂದ ಕೊಡುವುದರಲ್ಲಿ ಸರ್ಫ್ ನಿಯಮಕ್ಕೆ ಭಂಗವಿಲ್ಲ.

ದರ ಹಲಾಲ್ ಎಂದ ಮಾತ್ರಕ್ಕೆ ಎಲ್ಲ ದಾರಿಯೂ ಹಲಾಲ್ ಆಗುವುದಿಲ್ಲ. ಇಲ್ಲಿ ಮೂರು ಗಡಿಗಳಿವೆ.

ಮೊದಲನೆಯದು ಕಾನೂನು. ವೀಸಾ ಪಡೆದು ಒಂದು ದೇಶಕ್ಕೆ ಹೋಗುವುದೆಂದರೆ ಅಲ್ಲಿನ ನಿಯಮ ಪಾಲಿಸುವೆನೆಂದು ಮಾತು ಕೊಟ್ಟಂತೆ. ಕರಾರುಗಳನ್ನು ಪೂರೈಸಿರಿ ಎಂಬ ಆಜ್ಞೆ ಸೂರಃ ಅಲ್ ಮಾಇದಾದ ಮೊದಲ ಆಯತ್‌ನಲ್ಲೇ ಇದೆ. ಸರ್ಕಾರವೇ ಪ್ರವಾಸಿಯ ಕಾರ್ಡಿಗೆ ಕೊಟ್ಟ ದರವನ್ನು ನಿಶ್ಚಿಂತೆಯಿಂದ ಪಡೆಯಬಹುದು. ಸರ್ಕಾರ ನಿಷೇಧಿಸಿದ ಬೀದಿ ವ್ಯಾಪಾರ ಬೇರೆ. ಅಲ್ಲಿ ಸಿಕ್ಕಿಬಿದ್ದರೆ ಕಳೆದುಕೊಳ್ಳುವುದು ಹಣವೊಂದನ್ನೇ ಅಲ್ಲ, ಕೆಲಸವನ್ನು, ಪಾಸ್‌ಪೋರ್ಟನ್ನು, ಊರಲ್ಲಿ ಕಾದಿರುವ ಮನೆಯವರ ನೆಮ್ಮದಿಯನ್ನು.

ಎರಡನೆಯದು ಅರ್ಹತೆ. ಪ್ರವಾಸಿಗೆ ಕೊಟ್ಟ ರಿಯಾಯಿತಿ ಪ್ರವಾಸಿಗೇ. ಅರ್ಜೆಂಟೀನಾದಲ್ಲಿ ಹೊರದೇಶದ ಕಾರ್ಡಿನಿಂದ ಹೋಟೆಲ್ ಬಿಲ್ಲು ಕೊಡುವ ಪ್ರವಾಸಿಗೆ 21 ಶೇಕಡಾ ತೆರಿಗೆಯ ವಿನಾಯಿತಿಯೂ ಇದೆ. ಅದಕ್ಕೆ ಪಾಸ್‌ಪೋರ್ಟ್ ತೋರಿಸಬೇಕು. ಅಲ್ಲಿಯೇ ವಾಸಿಸುವವನು ತಾನು ಪ್ರವಾಸಿ ಎಂದು ಹೇಳಿ ಅದನ್ನು ಪಡೆದರೆ ಸುಳ್ಳು ಹೇಳಿ ಪಡೆದ ಹಣವಾಗುತ್ತದೆ.

ಮೂರನೆಯದು ಕಾರ್ಡನ್ನು ಬಾಡಿಗೆಗೆ ಬಿಟ್ಟಂತೆ ಬಳಸುವುದು. ಸ್ಥಳೀಯನೊಬ್ಬ ಬಂದು, "ನನ್ನ ಬಿಲ್ಲನ್ನು ನಿಮ್ಮ ಕಾರ್ಡಿನಲ್ಲಿ ಕಟ್ಟಿ, ಮುಂದಿನ ವಾರ ನಿಮಗೆ ಪೆಸೊದಲ್ಲಿ ಸ್ವಲ್ಪ ಹೆಚ್ಚು ಕೊಡುತ್ತೇನೆ" ಎಂದರೆ ಅದರಲ್ಲಿ ಎರಡು ದೋಷಗಳಿವೆ. ರಿಯಾಯಿತಿಯನ್ನು ಅನರ್ಹನಿಗೆ ದಾಟಿಸುವ ವಂಚನೆ ಒಂದು. ಇಂದು ಕೊಟ್ಟು ವಾರದ ನಂತರ ಹೆಚ್ಚು ಪಡೆಯುವ ಸಾಲ ಇನ್ನೊಂದು. ಸಾಲದ ಮೇಲೆ ನಿಗದಿ ಮಾಡಿದ ಹೆಚ್ಚಳವೇ ರಿಬಾ.

ಕಾರ್ಡಿನ ಪ್ರಶ್ನೆ

ಈಗ ಎರಡನೆಯದು. ಕಾರ್ಡುಗಳೆಲ್ಲ ನೋಡಲು ಒಂದೇ ಥರ. ಹುಕುಂ ಒಂದೇ ಅಲ್ಲ.

2006ರ ಮಾರ್ಚಿನಲ್ಲಿ ನಮ್ಮದೇ ರಾಜ್ಯದ ಮೈಸೂರಿನಲ್ಲಿ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಇಂಡಿಯಾದ 15ನೇ ಸಮಾವೇಶ ನಡೆಯಿತು. ಬ್ಯಾಂಕ್ ಕಾರ್ಡುಗಳೇ ಅಲ್ಲಿನ ಒಂದು ವಿಷಯ. ಎಟಿಎಂ ಕಾರ್ಡು, ಡೆಬಿಟ್ ಕಾರ್ಡುಗಳ ಬಳಕೆ ಸರಿ, ಅವುಗಳಿಗೆ ಕೊಡುವ ಶುಲ್ಕ ಸೇವೆಯ ಕೂಲಿ ಎಂದು ವಿದ್ವಾಂಸರು ತೀರ್ಮಾನಿಸಿದರು. ಈಗ ಚಾಲ್ತಿಯಲ್ಲಿರುವ ಕ್ರೆಡಿಟ್ ಕಾರ್ಡು ಬಡ್ಡಿಯ ಕರಾರಿನ ಮೇಲೆ ನಿಂತಿರುವುದರಿಂದ ಅದಕ್ಕೆ ಅನುಮತಿ ಇಲ್ಲ ಎಂದರು. 2000ದಲ್ಲಿ ರಿಯಾದಿನಲ್ಲಿ ಒಐಸಿ ಅಕಾಡೆಮಿಯೂ ಇದೇ ದಾರಿ ಹಿಡಿದಿತ್ತು. ಖಾತೆಯಲ್ಲಿ ಹಣವಿಲ್ಲದೆ ಸಾಲದ ಮೇಲೆ ನಡೆಯುವ ಕಾರ್ಡಿನಲ್ಲಿ ಬಡ್ಡಿಯ ಷರತ್ತು ಇದ್ದರೆ, ಗಡುವಿನ ಒಳಗೆ ಕಟ್ಟುವ ಉದ್ದೇಶವಿದ್ದರೂ ಅದನ್ನು ಪಡೆಯುವುದು ಸರಿಯಲ್ಲ ಎಂಬುದು ಅದರ ತೀರ್ಮಾನ.

ಮುಫ್ತಿ ತಕೀ ಉಸ್ಮಾನಿಯವರಂಥ ಇನ್ನು ಕೆಲವು ವಿದ್ವಾಂಸರು, ಡೆಬಿಟ್ ಕಾರ್ಡಿನಿಂದ ಕೆಲಸ ಆಗದ ಕಡೆ, ಗಡುವಿನ ಒಳಗೆ ಪೂರ್ತಿ ಹಣ ಕಟ್ಟುವ ಭರವಸೆ ಇದ್ದರೆ ಅವಕಾಶವಿದೆ ಎಂದಿದ್ದಾರೆ. ಎರಡೂ ಕಡೆಯವರು ಒಪ್ಪುವ ಮಾತು ಒಂದಿದೆ: ಬಡ್ಡಿ ಕಟ್ಟುವ ಸ್ಥಿತಿಗೆ ಬಂದರೆ ಅದು ಹರಾಂ. ಆದ್ದರಿಂದ ನಮ್ಮ ಸಲಹೆ ಸರಳ. ಡೆಬಿಟ್ ಕಾರ್ಡು ಅಥವಾ ಮೊದಲೇ ಹಣ ತುಂಬಿದ ಫಾರೆಕ್ಸ್ ಕಾರ್ಡು ಇದ್ದರೆ ಅದನ್ನೇ ಬಳಸಿ. ಉಮ್ರಾಕ್ಕೆ ಹೋಗುವವರಿಗೆ ಇವೆರಡರಲ್ಲೇ ಎಲ್ಲ ಕೆಲಸ ಆಗುತ್ತದೆ.

ಚಿನ್ನದ ಮಾತನ್ನು ಬೇರೆಯಾಗಿ ಹೇಳಬೇಕು. ದುಬೈಯಿಂದ ಬರುವಾಗ ತಂಗಿಯ ಮದುವೆಗೆಂದು ಬಳೆ, ಸರ ಕೊಳ್ಳುವುದು ನಮ್ಮಲ್ಲಿ ವಾಡಿಕೆ. ಚಿನ್ನವೂ ಸರ್ಫ್ ನಿಯಮಕ್ಕೆ ಸೇರಿದ್ದು, ಸಾಲದ ಮೇಲೆ ಕೊಳ್ಳುವಂತಿಲ್ಲ. ಖಾತೆಯ ಹಣ ತಕ್ಷಣ ಕಡಿತವಾಗುವ ಕಾರ್ಡಿನಲ್ಲಿ ಕೊಳ್ಳಬಹುದು. ಸಾಲದ ಕ್ರೆಡಿಟ್ ಕಾರ್ಡಿನಲ್ಲಿ ಚಿನ್ನ, ಬೆಳ್ಳಿ, ವಿದೇಶಿ ಹಣ ಕೊಳ್ಳಬಾರದೆಂದು ಅದೇ 2000ದ ತೀರ್ಮಾನದಲ್ಲಿದೆ.

ಬಿಲ್ಲಿನಲ್ಲಿ ಕಾಣದ ಖರ್ಚು

"ಒಳ್ಳೆಯ ದರ" ಎಂಬ ಮಾತಿಗೆ ಮರುಳಾದವರು ನೋಡದೆ ಬಿಡುವ ಲೆಕ್ಕವೊಂದಿದೆ. ಎಣಿಕೆಗೆ ಸುಲಭವಾಗಲೆಂದು ಒಂದು ರಿಯಾಲಿಗೆ 24 ರೂಪಾಯಿ ಎಂದಿಟ್ಟುಕೊಳ್ಳೋಣ. ಮದೀನಾದಲ್ಲಿ 1,000 ರಿಯಾಲ್ ಹೋಟೆಲ್ ಬಿಲ್ಲು. ನೇರ ಲೆಕ್ಕ 24,000 ರೂಪಾಯಿ.

ಭಾರತದ ಹೆಚ್ಚಿನ ಕಾರ್ಡುಗಳು ವಿದೇಶಿ ಹಣದ ವ್ಯವಹಾರಕ್ಕೆ 2ರಿಂದ 3.5 ಶೇಕಡಾ ಮಾರ್ಕಪ್ ಶುಲ್ಕ ಹಾಕುತ್ತವೆ. ಆ ಶುಲ್ಕದ ಮೇಲೆ 18 ಶೇಕಡಾ ಜಿಎಸ್‌ಟಿ. 3.5 ಶೇಕಡಾ ಎಂದರೆ 840 ರೂಪಾಯಿ, ಜಿಎಸ್‌ಟಿ 151 ರೂಪಾಯಿ 20 ಪೈಸೆ. ಒಟ್ಟು 24,991 ರೂಪಾಯಿ 20 ಪೈಸೆ. ಇದು ಸೇವೆಯ ಶುಲ್ಕ, ಬಡ್ಡಿಯಲ್ಲ. ಆದರೆ ಸುಮಾರು ಸಾವಿರ ರೂಪಾಯಿ ಹೋಯಿತು.

ಎರಡನೆಯ ಬಲೆ ಸ್ವೈಪ್ ಮೆಷಿನ್‌ನಲ್ಲಿದೆ. "ರೂಪಾಯಿಯಲ್ಲಿ ಕಟ್ಟುವಿರೋ, ರಿಯಾಲಿನಲ್ಲೋ?" ಎಂದು ಅದು ಕೇಳುತ್ತದೆ. ನಮ್ಮವರು ಪರಿಚಿತ ರೂಪಾಯಿ ಕಂಡು ಸಂತೋಷದಿಂದ ಅದನ್ನೇ ಒತ್ತುತ್ತಾರೆ. ಆಗ ದರ ಹಾಕುವವನು ಅಂಗಡಿಯವನ ಕಡೆಯ ಸಂಸ್ಥೆ. ತನ್ನ ಲಾಭ ಸೇರಿಸಿಯೇ ಹಾಕುತ್ತದೆ. 6 ಶೇಕಡಾ ಸೇರಿಸಿದರೆ ಅದೇ ಬಿಲ್ಲು 25,440 ರೂಪಾಯಿ. ಅದರ ಮೇಲೆ ನಮ್ಮ ಕೆಲವು ಬ್ಯಾಂಕುಗಳು ಬೇರೆ ಶುಲ್ಕ ಹಾಕುವುದೂ ಉಂಟು. ಆದ್ದರಿಂದ ಯಾವ ದೇಶದಲ್ಲಿದ್ದೀರೋ ಆ ದೇಶದ ಹಣವನ್ನೇ ಆರಿಸಿ. ಎಟಿಎಂನಲ್ಲೂ ಇದೇ ನಿಯಮ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದು. ಸಾಮಾನ್ಯವಾಗಿ ನಗದಿಗೆ 2.5 ಶೇಕಡಾ ಶುಲ್ಕ ಬೇರೆ. ಬಡ್ಡಿ ಆ ದಿನದಿಂದಲೇ ಶುರು. ಖರೀದಿಗೆ ಇರುವ ಬಡ್ಡಿರಹಿತ ಗಡುವು ನಗದಿಗೆ ಇಲ್ಲ. ಅದೇ 1,000 ರಿಯಾಲ್ ತೆಗೆದರೆ ಮಾರ್ಕಪ್ ಮತ್ತು ಜಿಎಸ್‌ಟಿ 991 ರೂಪಾಯಿ 20 ಪೈಸೆ, ನಗದು ಶುಲ್ಕ ಮತ್ತು ಜಿಎಸ್‌ಟಿ 708 ರೂಪಾಯಿ, ತಿಂಗಳಿಗೆ 3.5 ಶೇಕಡಾ ಬಡ್ಡಿ ಹಿಡಿದರೆ 840 ರೂಪಾಯಿ, ಬಡ್ಡಿಯ ಮೇಲಿನ ಜಿಎಸ್‌ಟಿ 151 ರೂಪಾಯಿ 20 ಪೈಸೆ. ಒಂದು ತಿಂಗಳ ನಂತರ ಒಟ್ಟು 26,690 ರೂಪಾಯಿ 40 ಪೈಸೆ. 2,690 ರೂಪಾಯಿಗೆ ನಷ್ಟ, ಮೇಲೆ ಬಡ್ಡಿಯ ಪಾಪ. ಇದಕ್ಕೆ ಯಾವ ವಿದ್ವಾಂಸರ ಬಳಿಯೂ ಅನುಮತಿ ಇಲ್ಲ.

ಬಿಲ್ಲಿನಲ್ಲಿ "ಕನಿಷ್ಠ ಪಾವತಿ" ಎಂದು ಒಂದು ಸಣ್ಣ ಮೊತ್ತ ಬರೆದಿರುತ್ತದೆ. ಅದನ್ನು ಕಟ್ಟಿದರೆ ಸಾಕೆಂದು ತಿಳಿಯಬೇಡಿ. ಉಳಿದದ್ದರ ಮೇಲೆ ಬಡ್ಡಿ ಬೆಳೆಯುತ್ತದೆ. ಹಳೆಯ ಬಾಕಿ ಇರುವಾಗ ಮಾಡಿದ ಹೊಸ ಖರೀದಿಗೂ ಮೊದಲ ದಿನದಿಂದ ಬಡ್ಡಿ ಬೀಳುತ್ತದೆ. ತಿಂಗಳಿಗೆ 3.5 ಶೇಕಡಾ ಎಂದರೆ ವರ್ಷಕ್ಕೆ 42 ಶೇಕಡಾ. ದರದಲ್ಲಿ ಉಳಿಸಿದ್ದೆಲ್ಲ ಹೀಗೆ ಕೆಲವೇ ತಿಂಗಳಲ್ಲಿ ಹೋಗುತ್ತದೆ.

ಫಾರೆಕ್ಸ್ ಕಾರ್ಡು ಮಾಡಿಸುವವರು ಡಾಲರ್ ಬದಲು ರಿಯಾಲನ್ನೇ ತುಂಬಿಸಿ. ಡಾಲರ್ ತುಂಬಿಸಿ ರಿಯಾಲಿನಲ್ಲಿ ಖರ್ಚು ಮಾಡಿದರೆ ಮತ್ತೆ ಬದಲಾವಣೆಯ ಶುಲ್ಕ ಬೀಳುತ್ತದೆ. ನಗದು ರಿಯಾಲ್ ಬೇಕಾದವರು ವಿಮಾನ ನಿಲ್ದಾಣದ ಕೌಂಟರಿಗೆ ಬಿಡದೆ, ಊರಲ್ಲೇ ಎರಡು ಮೂರು ಕಡೆ ದರ ಕೇಳಿ, ಪರವಾನಗಿ ಇರುವವರ ಬಳಿ ರಸೀದಿ ಪಡೆದು ಕೊಳ್ಳಿ. ಹಿಂದೆ ಹಜ್ಜ್ ಕಮಿಟಿಯೇ ಯಾತ್ರಿಕರಿಗೆ ತಲಾ 2,100 ರಿಯಾಲ್ ಕೊಡುತ್ತಿತ್ತು. 2023ರಿಂದ ಅದು ನಿಂತು, ಎಷ್ಟು ಬೇಕೋ ಅಷ್ಟನ್ನು ಯಾತ್ರಿಕರೇ ಹೊಂದಿಸಿಕೊಳ್ಳುವ ಪದ್ಧತಿ ಬಂದಿದೆ. ಹಾಗಾಗಿ ಹಿರಿಯರನ್ನು ಕಳಿಸುವ ಮಕ್ಕಳು ಈ ಲೆಕ್ಕವನ್ನು ತಾವೇ ಕೂತು ಮಾಡಿಕೊಡಬೇಕು.

ಅಣ್ಣ ತಮ್ಮಂದಿರ ನಡುವಿನ ರಿಯಾಲ್ ಸಾಲ

ಮೂರನೆಯ ಪ್ರಶ್ನೆ ಬ್ಯಾಂಕಿನದಲ್ಲ, ಮನೆಯದು. ನಾವು ಈ ಖುತ್ಬಾವನ್ನು ಮುಖ್ಯವಾಗಿ ಇದಕ್ಕಾಗಿಯೇ ಆರಿಸಿದೆವು. ಏಕೆಂದರೆ ದರದ ಏರಿಳಿತದಿಂದ ನಮ್ಮ ಮನೆಗಳಲ್ಲಿ ಮಾತು ಬಿಟ್ಟವರಿದ್ದಾರೆ.

ವಿಷಯ ಹೀಗೆ ಶುರುವಾಗುತ್ತದೆ. ತಮ್ಮ ಉಮ್ರಾಕ್ಕೆ ಹೋದಾಗ ಜಿದ್ದಾದಲ್ಲಿರುವ ಅಣ್ಣ 5,000 ರಿಯಾಲ್ ಕೈಗೆ ಕೊಟ್ಟ. ಆಗ ದರ 20 ರೂಪಾಯಿ ಎಂದುಕೊಳ್ಳಿ, ಅಂದರೆ ಒಂದು ಲಕ್ಷ. ತಮ್ಮ ತೀರಿಸುವಾಗ ದರ 24 ಆಗಿದೆ. ತಮ್ಮ ಒಂದು ಲಕ್ಷ ಕೊಟ್ಟು ಮುಗಿಯಿತು ಎನ್ನುತ್ತಾನೆ. ಅಣ್ಣ ಒಂದು ಲಕ್ಷ ಇಪ್ಪತ್ತು ಸಾವಿರ ಕೇಳುತ್ತಾನೆ. "ಅಣ್ಣ ಬಡ್ಡಿ ಕೇಳುತ್ತಿದ್ದಾನೆ" ಎಂದು ಊರಲ್ಲಿ ಮಾತು ಹಬ್ಬುತ್ತದೆ.

ಇದಕ್ಕೆ ಉತ್ತರ ಇಬ್ನು ಉಮರ್(ರ)ರ ಹದೀಸಿನಲ್ಲಿದೆ. ಅವರು ಬಕೀಅ್‌ನಲ್ಲಿ ಒಂಟೆಗಳನ್ನು ದೀನಾರಿಗೆ ಮಾರಿ ಅದರ ಬದಲು ದಿರ್ಹಂ ಪಡೆಯುತ್ತಿದ್ದರು, ಕೆಲವೊಮ್ಮೆ ದಿರ್ಹಮಿಗೆ ಮಾರಿ ದೀನಾರ್ ಪಡೆಯುತ್ತಿದ್ದರು. ಈ ಬಗ್ಗೆ ಪ್ರವಾದಿ(ಸ)ರಲ್ಲಿ ಕೇಳಿದಾಗ, ಆ ದಿನದ ದರದಲ್ಲಿ ಪಡೆದು, ಬಾಕಿ ಉಳಿಸದೆ ಬೇರ್ಪಟ್ಟರೆ ತೊಂದರೆಯಿಲ್ಲ ಎಂದರು. ಅಬೂ ದಾವೂದ್, ತಿರ್ಮಿದಿ ಮುಂತಾದವುಗಳಲ್ಲಿ ಇದು ವರದಿಯಾಗಿದೆ.

ಇದರಿಂದ ನಿಯಮ ಸ್ಪಷ್ಟ. ಸಾಲ ಯಾವ ಹಣದಲ್ಲಿ ಕೊಟ್ಟರೋ ಆ ಹಣದಲ್ಲೇ ನಿಲ್ಲುತ್ತದೆ. 5,000 ರಿಯಾಲ್ ಪಡೆದವನು 5,000 ರಿಯಾಲಿಗೆ ಹೊಣೆ. ರೂಪಾಯಿಯಲ್ಲಿ ಕೊಡಲು ಇಬ್ಬರೂ ಒಪ್ಪಿದರೆ ತೀರಿಸುವ ದಿನದ ದರ, ಪಡೆದ ದಿನದ ದರವಲ್ಲ. ಅಣ್ಣ ಕೇಳಿದ ಒಂದು ಲಕ್ಷ ಇಪ್ಪತ್ತು ಸಾವಿರ ಬಡ್ಡಿಯಲ್ಲ, ಅದು ಅವನ 5,000 ರಿಯಾಲಿನ ಇಂದಿನ ಬೆಲೆ. ಕಂತಿನಲ್ಲಿ ತೀರಿಸಿದರೆ ಪ್ರತಿ ಕಂತಿಗೂ ಆಯಾ ದಿನದ ದರ.

ತಿರುಗಿಸಿ ನೋಡಿ. ಅಣ್ಣ ಊರಿನ ಖಾತೆಗೆ ಒಂದು ಲಕ್ಷ ರೂಪಾಯಿ ಸಾಲವಾಗಿ ಹಾಕಿದ್ದರೆ ತಮ್ಮ ಹೊಣೆ ಒಂದು ಲಕ್ಷ ರೂಪಾಯಿ ಮಾತ್ರ. "ಆಗ ನನಗೆ 5,000 ರಿಯಾಲ್ ಖರ್ಚಾಗಿತ್ತು, ಈಗ ಅಷ್ಟೇ ರಿಯಾಲಿನ ಬೆಲೆ ಕೊಡು" ಎಂದು ಅಣ್ಣ ಕೇಳುವಂತಿಲ್ಲ. ರೂಪಾಯಿಯ ಬೆಲೆ ಇಳಿದ ಮಾತ್ರಕ್ಕೆ ರೂಪಾಯಿ ಸಾಲ ಹೆಚ್ಚುವುದಿಲ್ಲ. ಕೊಡುವ ದಿನ ದರ ಹೀಗಿರಬೇಕೆಂದು ಮುಂಚೆಯೇ ಕಟ್ಟಿಹಾಕುವುದೂ ಸರಿಯಲ್ಲ.

ಕಾರ್ಡಿನ ಸಾಲಕ್ಕೂ ಇದೇ ನ್ಯಾಯ. ಭಾವನ ಟಿಕೆಟನ್ನು ನೀವು ನಿಮ್ಮ ಕಾರ್ಡಿನಲ್ಲಿ ತೆಗೆದರೆ, ನಿಮ್ಮ ಖಾತೆಯಿಂದ ನಿಜವಾಗಿ ಹೋದ ರೂಪಾಯಿ, ಬ್ಯಾಂಕಿನ ಶುಲ್ಕ ಸೇರಿ, ಅವರು ಕೊಡಬೇಕು. "ನನ್ನ ಕಾರ್ಡು ಬಳಸಿದ್ದಕ್ಕೆ ಇನ್ನೊಂದು ಸಾವಿರ" ಎಂದರೆ ಅದು ಸಾಲದ ಮೇಲಿನ ಹೆಚ್ಚಳ. ತೀರಿಸುವವರು ತಾವಾಗಿ, ಮುಂಚಿತ ಮಾತಿಲ್ಲದೆ, ಸಂತೋಷದಿಂದ ಏನಾದರೂ ಹೆಚ್ಚು ಕೊಟ್ಟರೆ ಅದು ಬೇರೆ ಮಾತು. ಅದು ಒಳ್ಳೆಯ ನಡತೆ.

ಈ ಜಗಳಗಳಿಗೆಲ್ಲ ಮದ್ದು ಕುರ್‌ಆನಿನ ಅತಿ ದೀರ್ಘ ಆಯತ್‌ನಲ್ಲೇ ಇದೆ. ಸೂರಃ ಅಲ್ ಬಕರಃದ 282ನೇ ಆಯತ್ ಸಾಲವನ್ನು ಬರೆದಿಡಲು, ಸಾಕ್ಷಿ ಇಡಲು ಹೇಳುತ್ತದೆ. "ನಮ್ಮ ನಮ್ಮಲ್ಲಿ ಕಾಗದ ಏಕೆ?" ಎಂದು ನಾಚಿಕೆ ಪಡುವುದು ಬೇಡ. ಮೊಬೈಲಿನಲ್ಲಿ ಎರಡು ಸಾಲು ಸಾಕು: ಇಂಥ ದಿನ, ಇಷ್ಟು ರಿಯಾಲ್ ಅಥವಾ ಇಷ್ಟು ರೂಪಾಯಿ, ಇಂಥ ದಿನದೊಳಗೆ. ಯಾವ ಹಣ ಎಂಬುದನ್ನು ಬರೆಯುವುದೇ ಮುಖ್ಯ. ತೀರಿಸಲು ನಿಜವಾಗಿ ಕಷ್ಟವಿದ್ದವನಿಗೆ ಕಾಲಾವಕಾಶ ಕೊಡಬೇಕೆಂದು ಅದಕ್ಕೂ ಮುಂಚಿನ 280ನೇ ಆಯತ್ ಕೊಟ್ಟವನಿಗೆ ಹೇಳುತ್ತದೆ.

ನಮ್ಮ ದೇಶದ ನಿಯಮಗಳು

ಇಲ್ಲಿ ಕೆಲವೇ ಮಾತು. ಭಾರತದಲ್ಲಿ ವಾಸಿಸುವವರು ವರ್ಷಕ್ಕೆ 2,50,000 ಡಾಲರಿನವರೆಗೆ ಹೊರದೇಶಕ್ಕೆ ಕಳಿಸಬಹುದು, ಖರ್ಚು ಮಾಡಬಹುದು. 2025ರ ಏಪ್ರಿಲ್ 1ರಿಂದ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದರೆ ಟಿಸಿಎಸ್ ಕಡಿತವಿದೆ. ಹೊರದೇಶದಲ್ಲಿದ್ದು ಕ್ರೆಡಿಟ್ ಕಾರ್ಡ್ ಬಳಸುವುದನ್ನು ಈ ಲೆಕ್ಕಕ್ಕೆ ಸೇರಿಸುವ ಆದೇಶವನ್ನು ಸರ್ಕಾರ 2023ರ ಜೂನ್ 28ರಂದು ಮುಂದೂಡಿತು. ಪ್ರವಾಸದ ಪ್ಯಾಕೇಜಿಗೆ ಮೊದಲ ರೂಪಾಯಿಯಿಂದಲೇ ಟಿಸಿಎಸ್ ಉಂಟು. ಅದರ ದರ ಬಜೆಟ್‌ಗಳಲ್ಲಿ ಬದಲಾಗುತ್ತಿರುವುದರಿಂದ ಉಮ್ರಾ ಗುಂಪಿನವರ ಬಳಿ ಕೇಳಿ, ರಸೀದಿ ಇಟ್ಟುಕೊಳ್ಳಿ. ಇದು ಕಳೆದುಹೋದ ಹಣವಲ್ಲ. ಆದಾಯ ತೆರಿಗೆ ವಿವರ ಸಲ್ಲಿಸಿ ಹೊಂದಿಸಿಕೊಳ್ಳಬಹುದು ಅಥವಾ ವಾಪಸು ಪಡೆಯಬಹುದು. ನಮ್ಮ ಅನೇಕ ಹಿರಿಯರು ವಿವರ ಸಲ್ಲಿಸದೆ ಈ ಹಣವನ್ನು ಬಿಟ್ಟುಬಿಡುತ್ತಾರೆ. ಓದಿದ ಮಕ್ಕಳು ಸಹಾಯ ಮಾಡಬೇಕು.

ಒಳ್ಳೆಯ ದರದ ಆಸೆ ತೋರಿಸಿ ಹುಂಡಿಯಲ್ಲಿ ಹಣ ಕಳಿಸುವವರಿಂದ ದೂರವಿರಿ. ಅದು 1999ರ ವಿದೇಶಿ ವಿನಿಮಯ ಕಾಯ್ದೆಗೆ ವಿರುದ್ಧ. ರಸೀದಿ ಇಲ್ಲದ ಹಣ ಮುಳುಗಿದರೆ ಕೇಳುವ ಜಾಗವೂ ಇಲ್ಲ.

ಕೊನೆಯದಾಗಿ

ಸಾಲ ಬಿಟ್ಟು ಸತ್ತವರ ಜನಾಝಾ ಬಂದಾಗ, ತೀರಿಸಲು ಏನನ್ನೂ ಬಿಟ್ಟಿಲ್ಲವೆಂದು ತಿಳಿದು ಪ್ರವಾದಿ(ಸ)ರು ತಾವು ನಮಾಝ್ ಮಾಡಿಸದೆ ಸಹಾಬಿಗಳಿಗೆ ಮಾಡಲು ಹೇಳಿದರು. ಅಬೂ ಕತಾದಾ(ರ)ರು ಆ ಸಾಲವನ್ನು ತಾವು ವಹಿಸಿಕೊಂಡ ನಂತರವೇ ಅವರು ಮುಂದೆ ನಿಂತರು. ಸಾಲದ ಭಾರ ಎಷ್ಟೆಂದು ಇದರಿಂದ ತಿಳಿಯಬೇಕು. ಕಾರ್ಡು ಉಜ್ಜುವಾಗ ಸಾಲ ಮಾಡುತ್ತಿದ್ದೇವೆ ಎಂಬುದೇ ನೆನಪಾಗುವುದಿಲ್ಲ, ಏಕೆಂದರೆ ಯಾರ ಮುಂದೆಯೂ ಕೈ ಚಾಚಿರುವುದಿಲ್ಲ. ಅದಕ್ಕೇ ಅದು ಹೆಚ್ಚು ಅಪಾಯ.

ಆದ್ದರಿಂದ, ಸಹೋದರರೇ, ಹೊರಡುವ ಮುನ್ನ ಹಳೆಯ ಸಾಲಗಳ ಪಟ್ಟಿ ಮಾಡಿ ಮನೆಯವರ ಕೈಗೆ ಕೊಡಿ. ಖಾತೆಯಲ್ಲಿರುವ ಹಣವನ್ನೇ ಖರ್ಚು ಮಾಡಿ. ಯಾವುದೇ ದೇಶ ಪ್ರವಾಸಿಗೆ ಕೊಟ್ಟ ಒಳ್ಳೆಯ ದರವನ್ನು ನಿಯಮದೊಳಗೆ ನಿಂತು ಪಡೆಯಿರಿ, ಅದು ಹಲಾಲ್. ಅಲ್ಲಿನ ಹಣ ಕುಸಿದ ಕಾರಣ ನಿಮಗೆ ಅಗ್ಗವಾಯಿತೆಂದು ತಿಳಿದಿರಲಿ. ಅಲ್ಲಿನ ಹಮಾಲಿ, ಹೋಟೆಲ್ ಹುಡುಗರೊಂದಿಗೆ ಚೌಕಾಸಿ ಮಾಡುವಾಗ ಕೈ ಸ್ವಲ್ಪ ಸಡಿಲವಿರಲಿ.

ಯಾ ಅಲ್ಲಾಹ್, ನಮ್ಮ ಗಳಿಕೆಯನ್ನೂ ಖರ್ಚನ್ನೂ ಶುದ್ಧಗೊಳಿಸು. ಬಡ್ಡಿಯಿಂದಲೂ ತೀರಿಸಲಾಗದ ಸಾಲದಿಂದಲೂ ನಮ್ಮನ್ನು ಕಾಪಾಡು. ದೂರದ ನಾಡುಗಳಲ್ಲಿ ದುಡಿಯುವ ನಮ್ಮ ಮಕ್ಕಳನ್ನು, ಕಡಲ ಮೇಲಿರುವವರನ್ನು ಸುಖವಾಗಿ ಮನೆಗೆ ತಲುಪಿಸು. ಹಣದ ಕಾರಣಕ್ಕೆ ಮುನಿದಿರುವ ಅಣ್ಣ ತಮ್ಮಂದಿರ ಮನಸ್ಸುಗಳನ್ನು ಒಂದುಗೂಡಿಸು. ಆಮೀನ್.